ಅಳಿವೆಯಲ್ಲಿ ಒಬ್ಬನದೇ ಮಾತು

ಬೆಂಗ್ರೆಯ ವಾಸುವನ್ನು ಯಾರಾದರೂ ಪುಕ್ಕಲ ಅಂದರೆ ನನಗೆ ಈಗಲೂ ಮಂಡೆಬಿಸಿ ಆಗ್ತದೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ಅಳಿವೆಯನ್ನು ನೋಡಿದ್ದು ದೋಣಿ ಕಟ್ಟುವ ದಕ್ಕೆಯಲ್ಲಿ ಕೂತು ಚಾ ಕುಡಿಯುವಾಗ. ನಾನೂ ಹಾಗೆಯೇ ನೋಡಿದವನು, ಅದು ಬೇರೆ ಮಾತು. ಆದರೆ ನನಗೆ ಕಣ್ಣಾದರೂ ಉಂಟು.

ನನ್ನ ಹೆಸರು ಮೊಯ್ದೀನಬ್ಬ. ಬಂದರಿನಲ್ಲಿ ನಮ್ಮದು ಒಣಮೀನಿನ ಅಂಗಡಿ, ತಂದೆಯವರ ಕಾಲದಿಂದ. ಬಂದರಿನ ಎದುರು ಹೊಳೆ, ಹೊಳೆಯ ಆಚೆ ಬೆಂಗ್ರೆ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು, ನಡುವೆ ಉದ್ದಕ್ಕೆ ಒಂದು ಪಟ್ಟಿ ಮರಳು. ಅಲ್ಲಿ ಮೀನು ಹಿಡಿಯುವ ಮೊಗವೀರರೂ ಇದ್ದಾರೆ, ವ್ಯಾಪಾರದ ನಮ್ಮ ಬ್ಯಾರಿಗಳೂ ಇದ್ದಾರೆ. ಮೀನಿನ ದೋಣಿ ಬರುವ ಹೊತ್ತಿಗೆ ನಾನು ಆಚೆ ಹೋಗಿ ಕಾಯುವುದು. ಹಾಗೆ ಕಾದು ಕಾದು ಮೊಗವೀರರ ಮನೆಯ ಸುಖ ದುಃಖ ಎಲ್ಲ ನನಗೂ ಗೊತ್ತಾಯಿತು. ಅವರು ಮಾತಾಡುವುದು ತುಳು, ನಾನು ನಿಮಗೆ ಕನ್ನಡದಲ್ಲಿ ಹೇಳ್ತೇನೆ.

ಅಳಿವೆ ಅಂದರೆ ಎರಡು ಹೊಳೆ ಸೇರಿ ಕಡಲಿಗೆ ಬೀಳುವ ಬಾಗಿಲು. ಮೀನು ಹಿಡಿದು ಒಳಗೆ ಬರಲಿಕ್ಕೆ ಆಗ ಅದೊಂದೇ ದಾರಿ. ನೀರಿನ ಅಡಿಯಲ್ಲಿ ಮರಳಿನ ದಿಬ್ಬ, ಅದು ಇವತ್ತು ಇಲ್ಲಿದ್ದರೆ ನಾಳೆ ಅಲ್ಲಿ. ಕಡಲಿನ ತೆರೆ ಆ ದಿಬ್ಬಕ್ಕೆ ತಾಗಿದ್ದೇ ಎದ್ದು ನಿಂತು ಮುರಿಯುತ್ತದೆ. ದೊಡ್ಡ ತೆರೆಗಳು ಹೋದ ಮೇಲೆ ಒಂದು ಸಣ್ಣ ಬಿಡುವು ಸಿಗ್ತದೆ, ಆ ಬಿಡುವಿನಲ್ಲಿ ದಾಟಿಬಿಡಬೇಕು. ಅದಕ್ಕೇ ಅಲ್ಲಿ ತಂಡೇಲ ಒಬ್ಬನದೇ ಮಾತು. ತಂಡೇಲ ಅಂದರೆ ಹಿಂದೆ ಕೂತು ಚುಕ್ಕಾಣಿ ಹಿಡಿಯುವವನು. ಅವನು ನಿಲ್ಲಿ ಅಂದರೆ ಹುಟ್ಟು ಹಾಕುವವರು ನಿಲ್ಲಬೇಕು, ಎಳೆಯಿರಿ ಅಂದರೆ ಜೀವ ಬಿಟ್ಟು ಎಳೆಯಬೇಕು. ಅವನನ್ನು ಹೆತ್ತ ಅಪ್ಪನೇ ದೋಣಿಯಲ್ಲಿದ್ದರೂ ಬಾಯಿ ಬಿಡುವ ಹಾಗಿಲ್ಲ.

ವಾಸುವಿನ ಸೋದರಮಾವ ದೂಮಣ್ಣ ಬೆಂಗ್ರೆಯಲ್ಲಿ ಹೆಸರುವಾಸಿ ತಂಡೇಲ. ಮೊಗವೀರರಲ್ಲಿ ಅಳಿಯಸಂತಾನ ನೋಡಿ, ಮಾವನ ದೋಣಿ ತಂಗಿಯ ಮಗನಿಗೆ ಹೋಗುವುದು, ಸ್ವಂತ ಮಗನಿಗಲ್ಲ. ದೂಮಣ್ಣನಿಗೆ ಮಗ ಒಬ್ಬ, ಕಿಟ್ಟು. ತಂಗಿ ಸುಂದರಿಗೆ ಮಗ ಒಬ್ಬ, ಈ ವಾಸು. ಕಿಟ್ಟು ಸಣ್ಣದಿರುವಾಗಲೇ ಅಪ್ಪನ ದೋಣಿಯಲ್ಲಿ ಬೆಳೆದವ, ಜೋರು ಮಾತು, ಜೋರು ನಗು. ವಾಸು ಹಾಗಲ್ಲ. ಕೆಲಸ ಗೊತ್ತಿಲ್ಲದವ ಅಂತ ತಿಳಿಯಬೇಡಿ ಮಾರಾಯ್ರೆ, ಎಲ್ಲ ಗೊತ್ತುಂಟು. ಗೊತ್ತುಂಟು ಅಂತ ಹೇಳಿಕೊಳ್ಳುವ ಧೈರ್ಯ ಮಾತ್ರ ಇಲ್ಲ. ಬಲೆ ಹಾಕುವಾಗ ಇಲ್ಲಿ ಹಾಕುವನಾ, ಅಂದರೆ ಹಾಕೋಣವಾ, ಅಂತ ನಾಲ್ಕು ಜನರನ್ನು ಕೇಳುವುದು. ಮೀನು ಇರುತ್ತಿದ್ದದ್ದು ಅವನು ತೋರಿಸಿದ ಜಾಗದಲ್ಲಿಯೇ, ಆದರೂ ಮರುದಿನ ಪುನಃ ಕೇಳುವುದು. ಇಬ್ಬರೂ ಒಂದೇ ಪ್ರಾಯದವರು, ಒಂದೇ ಬಟ್ಟಲಿನಲ್ಲಿ ಗಂಜಿ ಕುಡಿದವರು. ಅವರ ನಡುವೆ ಮತ್ಸರ ಇತ್ತು ಅಂತ ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು.

ಸಾವಿರದ ಒಂಬೈನೂರ ಐವತ್ತನಾಲ್ಕನೆಯ ಇಸವಿ ಇರಬೇಕು, ದೂಮಣ್ಣನ ಮೊಣಕಾಲು ಕೈಕೊಟ್ಟಿತು. ದೋಣಿ ಹತ್ತಿ ಇಳಿಯಲಿಕ್ಕೆ ಎರಡು ಜನ ಹಿಡಿಯಬೇಕು. ಕಡಲಿಗೆ ಹೋಗುವವರನ್ನು ಕಾಯುವ ಬಬ್ಬರ್ಯ ದೈವದ ಎದುರು ಕೈಮುಗಿದು ಚುಕ್ಕಾಣಿಯನ್ನು ಅಳಿಯನ ಕೈಗೆ ಕೊಟ್ಟ. ಊರಿನವರು ಬಾಯಿ ಮುಚ್ಚಿಕೊಂಡಿರ್ತಾರಾ? ಮಗನಿಗೆ ಸಿಗಬೇಕಾದದ್ದು ಅಳಿಯನಿಗೆ ಹೋಯಿತು, ಕ್ರಮ ಅಂತ ಒಂದು ಉಂಟಲ್ಲ, ಎಂತ ಮಾಡುವುದು ಅಂತ ವಾಸುವಿನ ಕಿವಿಗೆ ಬೀಳುವ ಹಾಗೆಯೇ ಹೇಳಿದರು.

ಅದೇ ವರ್ಷ ದೀಪಾವಳಿ ಕಳೆದ ಮೇಲೆ ಆ ದಿನ ಬಂತು. ಬಂಗುಡೆ ತುಂಬಿಕೊಂಡು ದೋಣಿ ಅಳಿವೆಯ ಹೊರಗೆ ನಿಂತಿತ್ತು. ಗಾಳಿ ಎದ್ದಿತ್ತು, ನೀರು ಕೆಟ್ಟಿತ್ತು. ಕಿಟ್ಟು ಮುಂದಿನ ಹುಟ್ಟಿನಲ್ಲಿದ್ದ. ವಾಸು ತೆರೆ ನೋಡಿದ, ಹಿಂದೆ ನೋಡಿದ, ಮತ್ತೆ ಕಿಟ್ಟುವಿನ ಮುಖ ನೋಡಿ ಹೋಗುವನಾ ಅಂತ ಕೇಳಿದ. ಹೋಗುವ, ಎಳೆಯಿರಿ ಅಂತ ಕಿಟ್ಟು ಅಂದ. ಅಷ್ಟರಲ್ಲಿ ಹಿಂದೆ ಏಳುತ್ತಿದ್ದ ತೆರೆ ನೋಡಿ ವಾಸು ನಿಲ್ಲಿ ಅಂತ ಬೊಬ್ಬೆ ಹಾಕಿದ. ಒಂದು ಬದಿಯವರು ಎಳೆದರು, ಇನ್ನೊಂದು ಬದಿಯವರು ನಿಂತರು. ದೋಣಿ ಅಡ್ಡ ತಿರುಗಿತು. ಅಡ್ಡ ತಿರುಗಿದ ದೋಣಿಯನ್ನು ಅಳಿವೆ ಬಿಡುವುದಿಲ್ಲ, ಮಗುಚಿಯೇ ಹಾಕ್ತದೆ. ಎಲ್ಲರೂ ಈಜಿ ದಡ ಸೇರಿದರು, ಕಿಟ್ಟು ಒಬ್ಬ ಸೇರಲಿಲ್ಲ. ಮರುದಿನ ಸಂಜೆ ತಣ್ಣೀರುಬಾವಿಯ ಕಡಲ ಕರೆಯ ಮರಳಿನಲ್ಲಿ ಹೆಣವಾಗಿ ಸಿಕ್ಕಿದ. ಅವನನ್ನು ಹೊತ್ತು ತಂದವರಲ್ಲಿ ವಾಸುವೂ ಇದ್ದ. ದೂಮಣ್ಣನ ಹೆಂಡತಿ ಅಪ್ಪಿಯಕ್ಕ ವಾಸುವನ್ನು ನೋಡಿದ್ದೇ ಇವನನ್ನು ಅಂಗಳದಿಂದ ಹೊರಗೆ ಹಾಕಿ ಅಂತ ಹೇಳಿದಳು. ಹಾಕಬೇಕಾದ ಅಗತ್ಯ ಬರಲಿಲ್ಲ, ಅವನೇ ಹೊರಟುಹೋದ.

ಆಮೇಲೆ ವಾಸು ಕಡಲಿಗೆ ಇಳಿಯಲಿಲ್ಲ. ಕರೆಗೆ ಬಿದ್ದ ಕುಟುಂಬದ ದೋಣಿಯನ್ನು ಸರಿಮಾಡಿಸಿದರು, ಅದಕ್ಕೆ ಕೂಲಿಯ ತಂಡೇಲ ಬಂದ. ವಾಸು ಬೆಂಗ್ರೆಗೂ ಬಂದರಿಗೂ ಜನ ದಾಟಿಸುವ ದೋಣಿ ಹಿಡಿದ. ಅಲ್ಲಿ ತೆರೆ ಇಲ್ಲ, ದಿಬ್ಬ ಇಲ್ಲ, ಬೇಸಗೆಯಲ್ಲಂತೂ ಹೊಳೆ ಚಾಪೆ ಹಾಸಿದ ಹಾಗೆ ಬಿದ್ದಿರ್ತದೆ. ಆದರೂ ಜನ ಹತ್ತಿ ಕೂತ ಮೇಲೆ ಇವನು ಬಿದಿರಿನ ಗಳ ಹಿಡಿದು ಎಲ್ಲರ ಮುಖ ನೋಡಿ ಕೇಳುವುದು, "ಬಿಡುವನಾ?" ಯಾರಾದರೂ ಹ್ಞೂಂ ಬಿಡು ಅಂತ ಹೇಳದೆ ದೋಣಿ ಇದ್ದಲ್ಲಿಂದ ಹಂದುವುದಿಲ್ಲ. ನನಗೆ ನಗು ಬರ್ತಿತ್ತು, ಆಮೇಲೆ ಕಿರಿಕಿರಿ ಆಗ್ತಿತ್ತು. ಜನ ಅವನಿಗೆ ಬಿಡುವನಾ ವಾಸು ಅಂತಲೇ ಹೆಸರಿಟ್ಟರು. ಅವನ ತಾಯಿ ಸುಂದರಿ ಬುಟ್ಟಿ ಹೊತ್ತು ಕದ್ರಿಯ ಮನೆಗಳಿಗೆ ಮೀನು ಮಾರುವವಳು. ಅಲ್ಲಿಯ ಹೆಂಗಸರೂ ಹೇಗಿದ್ದಾನೆ ನಿನ್ನ ಬಿಡುವನಾ ಅಂತ ಕೇಳ್ತಿದ್ದರಂತೆ. ಅವಳು ಮೀನು ಕೊಯ್ಯುತ್ತಲೇ ಇರುತ್ತಿದ್ದಳು.

ಅವನಿಗೆ ಹೆಣ್ಣು ಕೊಡಲಿಕ್ಕೂ ಯಾರೂ ಮುಂದೆ ಬರಲಿಲ್ಲ. ಪ್ರಾಯ ಮೂವತ್ತು ದಾಟಿತು. ಚಾ ಕುಡಿಯಲಿಕ್ಕೆ ನನ್ನ ಅಂಗಡಿಗೆ ಬಂದರೂ ಬಾಗಿಲಲ್ಲಿ ನಿಂತು ಒಳಗೆ ಬರಬಹುದಾ ಅಂತ ಕೇಳುವುದು. ಒಮ್ಮೆ ನಾನು ಜೋರಾಗಿಯೇ ಬೈದೆ, ಎಷ್ಟು ವರ್ಷದಿಂದ ಬರ್ತೀಯ, ಇನ್ನೂ ಎಂತ ಕೇಳುವುದು ಅಂತ. ಅವನು ತಲೆ ತಗ್ಗಿಸಿ, "ನಾನು ಎಂತ ಹೇಳಿದರೂ ಯಾರಾದರೂ ಸಾಯ್ತಾರೋ ಅಂತ ಅನ್ನಿಸ್ತದೆ ಮೊಯ್ದೀನಬ್ಬ" ಅಂದ. ಆಮೇಲೆ ನಾನು ಅವನನ್ನು ಬೈಯಲಿಲ್ಲ.

ಇಷ್ಟು ವರ್ಷ ದೂಮಣ್ಣ ಅಳಿಯನ ಹತ್ತಿರ ಒಂದು ಮಾತೂ ಆಡಿದ್ದಿಲ್ಲ. ಅರುವತ್ತೊಂದನೆಯ ಇಸವಿಯ ಬೇಸಗೆಯಲ್ಲಿ ಒಂದು ಬೆಳಿಗ್ಗೆ ಕೋಲು ಊರಿಕೊಂಡು ಬಂದು ವಾಸುವಿನ ದೋಣಿಯಲ್ಲಿ ಕೂತುಬಿಟ್ಟ. ವಾಸುವಿನ ಮುಖ ಬೂದಿ ಬಣ್ಣ. ಜನ ತುಂಬಿದ ಮೇಲೆ ಅಭ್ಯಾಸದ ಹಾಗೆ ಬಿಡುವನಾ ಅಂತ ಕೇಳಿದ. ಯಾರೋ ಬಾಯಿ ತೆರೆದರು, ಮುದುಕ ಕೋಲು ಎತ್ತಿ ಅವರನ್ನು ನೋಡಿದ. ಬಾಯಿ ಮುಚ್ಚಿತು. ವಾಸು ಪುನಃ ಕೇಳಿದ, ಉತ್ತರ ಇಲ್ಲ. ದೋಣಿ ಅಲ್ಲಿಯೇ. ಬಲ್ಮಠದ ಆಫೀಸಿಗೆ ಹೋಗುವ ಗುಮಾಸ್ತ ಮೊರಿಸ್ ಇದ್ದರು, ಅವರು ಇದೆಂತ ಉಪದ್ರ ಮಾರಾಯ, ನಮಗೆ ಹೊತ್ತಾಗುವುದಿಲ್ಲವಾ ಅಂತ ಪಿರಿಪಿರಿ ಮಾಡಲಿಕ್ಕೆ ಸುರು ಮಾಡಿದರು. ಅಂತೂ ಬಹಳ ಹೊತ್ತಾದ ಮೇಲೆ ವಾಸು ಬೆವರು ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ, ಗಳ ಊರಿದ. ಈಚೆ ದಡಕ್ಕೆ ಬಂದ ಮೇಲೆ ಮುದುಕ ಇಳಿಯಲೂ ಇಲ್ಲ. ಅದೇ ದೋಣಿಯಲ್ಲಿ ತಿರುಗಿ ಹೋದ.

ಮರುದಿನವೂ ಬಂದ. ಅದರ ಮರುದಿನವೂ. ಬಂದರಿನಲ್ಲಿ ಅವನಿಗೆ ಕೆಲಸ ಎಂತದ್ದೂ ಇಲ್ಲ. ಬರುವುದು, ಕೂರುವುದು, ಉತ್ತರ ಕೊಡದಿರುವುದು, ಹೋಗುವುದು. ಮಗ ಹೋದ ಸಿಟ್ಟನ್ನು ಹೀಗೆ ಎದುರು ಕೂತು ತೀರಿಸಿಕೊಳ್ತಾನೆ ಅಂತ ಊರೆಲ್ಲ ಮಾತಾಡಿತು. ನಾನೂ ಅದನ್ನೇ ನಂಬಿದೆ. ತಡೆಯಲಾರದೆ ಒಂದು ದಿನ ಮುದುಕನಿಗೆ ಹೇಳಿಯೇಬಿಟ್ಟೆ, ದೂಮಣ್ಣ, ಸತ್ತ ಹಾಗೆ ಇರುವವನನ್ನು ಎಷ್ಟು ಸಲ ಕೊಲ್ಲುವುದು, ನಿಮಗೆ ಇದು ಚಂದವಾ ಅಂತ. ಮುದುಕ ನನ್ನನ್ನು ನೋಡಲೇ ಇಲ್ಲ, ನೀರು ನೋಡುತ್ತಾ, ಅವನು ಯಾರನ್ನೂ ಕೇಳಬಾರದು ಅಂತ ಮಾತ್ರ ಹೇಳಿದ. ಆಗ ನನಗೆ ಅದರ ತಲೆಬುಡ ಅರ್ಥ ಆಗಲಿಲ್ಲ.

ಹಾಗೆಯೇ ಬೇಸಗೆ ಕಳೆಯಿತು. ವಾಸುವಿನ ಬಿಡುವನಾ ಸಣ್ಣದಾಯಿತು, ಆಮೇಲೆ ತುಟಿಯಲ್ಲಿ ಮಾತ್ರ ಉಳಿಯಿತು, ಆಮೇಲೆ ಯಾವತ್ತು ನಿಂತಿತು ಅಂತ ನನಗೂ ಗೊತ್ತಾಗಲಿಲ್ಲ. ನಿಂತದ್ದು ಗೊತ್ತಾದದ್ದು ಜಡಿಮಳೆಯ ಆಟಿ ತಿಂಗಳ ಒಂದು ಮಧ್ಯಾಹ್ನ. ಘಟ್ಟದಲ್ಲಿ ಮಳೆ ಬಿದ್ದು ಹೊಳೆ ಕೆಂಪಾಗಿ ಏರಿತ್ತು, ಮರದ ದಿಮ್ಮಿಗಳು ತೇಲಿ ಬರ್ತಿದ್ದವು. ಒಬ್ಬ ದೊಡ್ಡ ವ್ಯಾಪಾರಿ, ಹೆಸರು ಬೇಡ ಬಿಡಿ, ಈಗಲೇ ಬೆಂಗ್ರೆಗೆ ದಾಟಿಸು ಅಂತ ಹಠ ಹಿಡಿದ. ವಾಸು ಹೊಳೆ ನೋಡಿದ. ಈಗ ಬಿಡುವುದಿಲ್ಲ ಅಂದ. ವ್ಯಾಪಾರಿ ಬೊಬ್ಬೆ ಹಾಕಿದ, ಪುಕ್ಕಲ ಅಂದ, ಕಿಟ್ಟುವಿನ ಹೆಸರನ್ನೂ ಎಳೆದು ತಂದ. ನನ್ನ ಮೈ ಉರಿದುಹೋಯಿತು. ವಾಸು ಮಾತ್ರ ದೋಣಿಯ ಹಗ್ಗ ಇನ್ನಷ್ಟು ಬಿಗಿದು ಕಟ್ಟಿ, ನಮ್ಮ ಅಂಗಡಿಯ ಮಾಡಿನ ಕೆಳಗೆ ಬಂದು ಕೂತ. ಹೊಳೆಯ ಸೊಕ್ಕು ಇಳಿದ ಮೇಲೆ ಎದ್ದು, ಬನ್ನಿ, ಈಗ ಬಿಡ್ತೇನೆ ಅಂದ. ಮುದುಕ ಅಲ್ಲಿಯೇ ಮೂಲೆಯಲ್ಲಿ ಗೋಣಿ ಹೊದೆದು ಕೂತಿದ್ದವನು ಎಲ್ಲ ನೋಡಿದ. ಮರುದಿನದಿಂದ ಅವನು ದೋಣಿ ದಾಟುವ ಕಡವಿಗೆ ಬರಲಿಲ್ಲ.

ಆ ವರ್ಷ ಯಂತ್ರದ ದೋಣಿಗಳು ಬರಲಿಕ್ಕೆ ಸುರುವಾಗಿತ್ತು. ಕೂಲಿಯ ತಂಡೇಲ ಅದಕ್ಕೆ ಓಡಿಹೋದ. ಕುಟುಂಬದ ದೋಣಿ ನಡೆಸುವವರಿಲ್ಲದೆ ಮರಳಿನಲ್ಲಿ ಉಳಿಯಿತು. ಇನ್ನು ಇಳಿಸದಿದ್ದರೆ ಮಾರುವುದೇ, ಮಾರಿದರೆ ಆ ಮನೆ ಬೇರೆಯವರ ದೋಣಿಯಲ್ಲಿ ಕೂಲಿಗೆ ಹೋಗಬೇಕು. ನೂಲು ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಎಲ್ಲರೂ ತಿರುಗಿ ಬರುವಾಗ ದೂಮಣ್ಣ ವಾಸುವಿನ ಎದುರು ನಿಂತ. ಎಲ್ಲರ ಎದುರಿನಲ್ಲಿಯೇ, ಏಳು ವರ್ಷದ ನಂತರದ ಮೊದಲ ಮಾತು ಅದು.

"ನಾಳೆ ದೋಣಿ ಇಳಿಸು. ನಾನೂ ಬರ್ತೇನೆ."

ವಾಸು ಆಗುವುದಿಲ್ಲ ಅನ್ನುತ್ತಾನೆ ಅಂತ ನಾನು ಎಣಿಸಿದ್ದೆ. ಅವನು ಸರಿ ಅಂತ ತಲೆ ಆಡಿಸಿದ. ಹುಟ್ಟು ಹಾಕಲಿಕ್ಕೆ ಜನ ಸಿಗುವುದೇ ಕಷ್ಟ ಆಯಿತು. ಕೆಲವರು ಹೆಂಡತಿ ಮಕ್ಕಳ ನೆಪ ಹೇಳಿದರು, ಕೆಲವರು ನೇರವಾಗಿಯೇ ನಿನ್ನ ದೋಣಿಗೆ ಇಲ್ಲ ಅಂದರು. ಮುದುಕ ಬರ್ತಾನೆ ಅಂತ ಗೊತ್ತಾದ ಮೇಲೆ ಬೇಕಾದಷ್ಟು ಜನ ಆದರು. ಸುಂದರಿ ಅಣ್ಣನ ಕಾಲು ಹಿಡಿದು, ನನಗೂ ಒಬ್ಬನೇ ಮಗ ಅಂತ ಅತ್ತಳಂತೆ. ಬೆಳಿಗ್ಗೆ ದೋಣಿ ಇಳಿಯುವಾಗ ಅವಳು ಕರೆಯಲ್ಲಿ ನಿಲ್ಲಲಿಲ್ಲ. ಬುಟ್ಟಿಯಲ್ಲಿ ಒಂದು ಮೀನೂ ಇರಲಿಲ್ಲ, ಆದರೂ ಖಾಲಿ ಬುಟ್ಟಿ ಹೊತ್ತು ಕದ್ರಿಗೆ ನಡೆದಳು.

ಮಧ್ಯಾಹ್ನದ ಹೊತ್ತಿಗೆ ನಾನು ಬೆಂಗ್ರೆಯ ತುದಿಯಲ್ಲಿ, ಅಳಿವೆಯ ಎದುರಿಗೇ ನಿಂತಿದ್ದೆ. ಮೀನಿಗಾಗಿ ಅಂತ ಹೇಳಿಕೊಂಡೆ. ಊರಿನ ಅರ್ಧ ಜನ ಅಲ್ಲಿಯೇ. ಅಪ್ಪಿಯಕ್ಕನೂ ಬಂದಿದ್ದಳು, ಎಲ್ಲರಿಂದ ದೂರ, ತಲೆಗೆ ಸೆರಗು ಹಾಕಿಕೊಂಡು. ಬೇರೆ ದೋಣಿಗಳೆಲ್ಲ ಒಳಗೆ ಬಂದಾಗಿತ್ತು. ಗಾಳಿ ಜೋರಾಗಿತ್ತು. ವಾಸುವಿನ ದೋಣಿ ಅಳಿವೆಯ ಹೊರಗೆ ಬಂದು ನಿಂತಿತು, ಅಂದು ನಿಂತ ಹಾಗೆಯೇ. ದೂಮಣ್ಣ ಮುಂದಿನ ಹುಟ್ಟಿನ ಪಕ್ಕ ಕೂತಿದ್ದ, ಕಿಟ್ಟು ಕೂತಿದ್ದಲ್ಲಿ. ಒಂದು ಒಳ್ಳೆಯ ಬಿಡುವು ಬಂತು. ಈಗ ಹೋಗು ಅಂತ ಇಲ್ಲಿ ನಿಂತವರೆಲ್ಲ ಗೊಣಗಿದರು. ದೋಣಿ ಹಂದಲಿಲ್ಲ. ವಾಸು ಹಿಂದೆ ನೋಡಿದ. ಮತ್ತೆ ಮುಂದೆ ತಿರುಗಿದ, ಮಾವನ ಕಡೆಗೆ. ಇನ್ನು ಕೇಳಿದನೋ, ಮುಗಿಯಿತು ಅಂತ ನನಗೆ ಅನ್ನಿಸಿತು.

ಅವನ ಬಾಯಿಂದ ಬಂದ ಮಾತು ಗಾಳಿಗೆ ನಮಗೂ ಕೇಳಿಸಿತು. ನಿಲ್ಲಿ ಅಂದ. ನಾವು ಕಾಣದ ಒಂದು ತೆರೆ ಆ ಬಿಡುವಿನ ಹಿಂದೆಯೇ ಎದ್ದು ದಿಬ್ಬದ ಮೇಲೆ ಮುರಿಯಿತು, ಅದರ ಹಿಂದೆ ಇನ್ನೊಂದು. ಹುಟ್ಟು ಹಿಡಿದವರು ಒಬ್ಬರೂ ಹಂದಲಿಲ್ಲ. ಆಮೇಲೆ ವಾಸು ಎಳೆಯಿರಿ ಅಂದ. ಎಲ್ಲ ಹುಟ್ಟು ಒಟ್ಟಿಗೆ ಬಿದ್ದವು. ದೋಣಿ ನೆಟ್ಟಗೆ ಒಳಗೆ ಬಂತು.

ಕರೆಗೆ ತಾಗಿದ ಮೇಲೆ ಮುದುಕನನ್ನು ಇಳಿಸಿದ್ದು ವಾಸುವೇ. ನಾನು ಪಕ್ಕದಲ್ಲಿ ಬುಟ್ಟಿ ಹಿಡಿದು ನಿಂತಿದ್ದೆ. ಅವರಿಬ್ಬರೂ ನನ್ನನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ದೂಮಣ್ಣ ಅಳಿಯನ ತೋಳು ಬಿಡದೆ ಹೇಳಿದ.

"ನೀನು ನನ್ನ ಕಡೆ ತಿರುಗ್ತಿ ಅಂತ ಗೊತ್ತಿತ್ತು. ಅದಕ್ಕೆ ನಾನು ಕಣ್ಣು ಮುಚ್ಚಿ ಕೂತಿದ್ದೆ. ಅಂದು ಹೋಗಿದ್ದರೂ ದೋಣಿ ದಾಟುತ್ತಿತ್ತು, ನಿಂತಿದ್ದರೂ ದಾಟುತ್ತಿತ್ತು. ಎರಡು ಮಾತಾಯಿತು ನೋಡು. ಆ ಎರಡನೆಯ ಮಾತು ಕಿಟ್ಟುವಿನದ್ದಲ್ಲ, ನನ್ನದು. ಚುಕ್ಕಾಣಿ ನಿನ್ನ ಕೈಗೆ ಕೊಟ್ಟು ಬಂದ ದಿನವೇ ನಾನು ಅವನ ಹತ್ತಿರ ಹೇಳಿದ್ದೆ, ವಾಸುವಿನಿಂದ ಆಗಲಿಕ್ಕಿಲ್ಲ, ಅಳಿವೆಯಲ್ಲಿ ನೀನು ನೋಡಿಕೋ ಅಂತ."

ನನ್ನ ಕೈಯಿಂದ ಬುಟ್ಟಿ ಜಾರಿತು. ಏಳು ವರ್ಷ ಊರೆಲ್ಲ ಒಬ್ಬನ ಮಂಡೆಗೆ ಮಣ್ಣು ಹಾಕಿದ್ದು, ಈ ಮುದುಕ ಅದನ್ನು ನೋಡುತ್ತಾ ಕೂತದ್ದು! ಎರಡು ಏಟು ಬಿಗಿಯಬೇಕು ಅಂತ ಅನ್ನಿಸಿತು ನನಗೆ, ಸುಳ್ಳು ಯಾಕೆ ಹೇಳಲಿ. ವಾಸುವಿನ ಮುಖದಲ್ಲಿ ಸಿಟ್ಟೂ ಇಲ್ಲ, ಆಶ್ಚರ್ಯವೂ ಇಲ್ಲ.

"ಗೊತ್ತುಂಟು ಮಾವ" ಅಂದ. "ಕಿಟ್ಟು ಅವತ್ತೇ ನನಗೆ ಹೇಳಿದ್ದ. ನಗಾಡಿಕೊಂಡು ಹೇಳಿದ್ದ. ನೀವೇ ನಂಬದ್ದನ್ನು ನಾನು ಹೇಗೆ ನಂಬುವುದು? ಅದಕ್ಕೇ ಅವನನ್ನು ಕೇಳಿದೆ."

ಇಷ್ಟು ವರ್ಷ ಯಾಕೆ ಯಾರಿಗೂ ಹೇಳಲಿಲ್ಲ ಅಂತ ಮುದುಕ ಕೇಳಿದ. ಹೇಳಿದ್ದರೆ ಅತ್ತೆ ನಿಮಗೆ ಒಂದು ಹೊತ್ತು ಅನ್ನ ಹಾಕುತ್ತಿದ್ದರಾ ಅಂತ ವಾಸು ಕೇಳಿದ. ಅಪ್ಪಿಯಕ್ಕ ದೂರದಲ್ಲಿ ನಿಂತು ಇವರನ್ನೇ ನೋಡುತ್ತಿದ್ದಳು. ಮುದುಕ ಅವಳ ಕಡೆ ಒಮ್ಮೆ ನೋಡಿ, ತೀರ ಸಣ್ಣ ಸ್ವರದಲ್ಲಿ, "ನೀನೇ ಅವಳಿಗೆ ಹೇಳ್ತೀಯಾ?" ಅಂತ ಕೇಳಿದ.

"ಇಲ್ಲ. ಅದು ನೀವು ಹೇಳಬೇಕು. ಮತ್ತೆ ನಾಳೆಯಿಂದ ನೀವು ದೋಣಿಗೆ ಬರುವುದು ಬೇಡ."

ಜೀವಮಾನದಲ್ಲಿ ಯಾರ ಮಾತನ್ನೂ ಕೇಳದ ದೂಮಣ್ಣ ಆಗಲಿ ಅಂದ. ಕೋಲು ಊರಿಕೊಂಡು ಹೆಂಡತಿಯ ಕಡೆ ನಡೆದ. ಅವನು ಎಂತ ಹೇಳಿದ ಅಂತ ನಮಗೆ ಕೇಳಿಸಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಅಪ್ಪಿಯಕ್ಕ ಕೂಗಲಿಲ್ಲ, ಬೈಯಲಿಲ್ಲ. ಆ ಸಂಜೆಯೇ ಬಟ್ಟೆಯ ಗಂಟು ಕಟ್ಟಿ ತನ್ನ ಕುಟುಂಬದ ಮನೆಗೆ, ಉಳ್ಳಾಲಕ್ಕೆ ಹೊರಟುಹೋದಳು. ಮುದುಕ ಸಾಯುವವರೆಗೆ ತಿರುಗಿ ಬರಲಿಲ್ಲ, ಸತ್ತ ಮೇಲೂ ಬರಲಿಲ್ಲ.

ಆಮೇಲಿನ ವರ್ಷಗಳಲ್ಲಿ ವಾಸು ಎಷ್ಟೋ ಸಲ ಅಳಿವೆ ದಾಟಿದ. ಅವನು ನಿಲ್ಲಿ ಅಂದರೆ ಬೇರೆ ದೋಣಿಯವರೂ ನಿಲ್ಲುತ್ತಿದ್ದರು. ಆದರೆ ಅವನು ನಕ್ಕದ್ದು ನಾನು ಕಂಡಿಲ್ಲ. ಯಂತ್ರದ ದೋಣಿಗಳ ಎದುರು ಹುಟ್ಟಿನ ದೋಣಿಗೆ ಬೆಲೆ ಇಳಿಯುತ್ತಾ ಬಂತು, ಅದಕ್ಕೂ ಅವನು ಮಂಡೆಬಿಸಿ ಮಾಡಲಿಲ್ಲ.

ದೂಮಣ್ಣನಿಗೆ ಊಟ ತಂಗಿಯ ಮನೆಯಲ್ಲಿ ಅಂತ ಆಯಿತು, ಅವಳಿಗೂ ಎಲ್ಲ ಗೊತ್ತಾಗಿತ್ತು. ಸುಂದರಿ ಅನ್ನ ಬೇಯಿಸುತ್ತಿದ್ದಳು, ಸಾರು ಮಾಡುತ್ತಿದ್ದಳು. ಆದರೆ ಅಣ್ಣನ ಬಟ್ಟಲಿಗೆ ತನ್ನ ಕೈಯಿಂದ ಒಂದು ಅಗುಳೂ ಹಾಕಲಿಲ್ಲ, ಕೊನೆಯವರೆಗೂ. ವಾಸು ಕಡಲಿನಿಂದ ಬಂದು, ಕೈಕಾಲು ತೊಳೆದು, ತಾನೇ ಬಡಿಸುತ್ತಿದ್ದ. ಎಷ್ಟು ತಡವಾದರೂ ಮುದುಕ ಅವನಿಗೆ ಕಾದು ಕೂತಿರುತ್ತಿದ್ದ.